ಟಿ.ವಿ.: ಆಡಂಬರವೋ, ಅಗತ್ಯವೋ?

2020ರ ಜುಲೈ ತಿಂಗಳು. ಕೊರೋನಾದಿಂದಾಗಿ ಶಾಲೆಗಳ ಬಾಗಿಲು ಮುಚ್ಚಿ ನಾಲ್ಕು ತಿಂಗಳಾಗಿತ್ತು. ರಾಜ್ಯ ಸರಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳನ್ನು ಪ್ರಸಾರ ಮಾಡತೊಡಗಿತ್ತು. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೂಲಿ ಮಾಡಿ ಬದುಕುವ ಕುಟುಂಬದ ಮಕ್ಕಳಿಗೆ ಆ ಪಾಠ ನೋಡಲು ಮನೆಯಲ್ಲಿ ಟಿ.ವಿ. ಇರಲಿಲ್ಲ. ನೆರೆಮನೆಯವರನ್ನು ಅವಲಂಬಿಸಬೇಕಿತ್ತು. ಕೊನೆಗೆ ಆ ಮಕ್ಕಳ ತಾಯಿ ತನ್ನ ಮಾಂಗಲ್ಯವನ್ನು ಅಡವಿಟ್ಟು ಟಿ.ವಿ. ಕೊಂಡು ತಂದರು. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಅನೇಕರು ಮರುಗಿದರು, ಕೆಲವರು ನೆರವಿಗೂ ಬಂದರು.

ಈ ಘಟನೆಯ ಜೊತೆಗೆ ನಮ್ಮ ದೇಶದ ಒಂದು ಹಳೆಯ ಕಾನೂನನ್ನು ಇಟ್ಟು ನೋಡಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್, ಸಾಲಗಾರನ ಮನೆಯಿಂದ ಏನೇನನ್ನು ಜಪ್ತಿ ಮಾಡಬಾರದು ಎಂದು ಹೇಳುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳು. ಜೊತೆಗೆ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣು ತನ್ನ ಮೈಯಿಂದ ತೆಗೆಯಬಾರದ ಆಭರಣ. ಆ ಪಟ್ಟಿಯಲ್ಲಿ ಟಿ.ವಿ.ಯ ಹೆಸರಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ಆ ತಾಯಿಯ ಮಾಂಗಲ್ಯ ಅಗತ್ಯ ವಸ್ತು, ಟಿ.ವಿ. ಅಲ್ಲ. ಆಕೆ ಆ ಪಟ್ಟಿಯನ್ನೇ ತಿರುಗಿಸಿ ಹಾಕಿದರು. ಅವರ ಎಣಿಕೆಯಲ್ಲಿ ತಪ್ಪಿತ್ತು ಎಂದು ಯಾರು ತಾನೇ ಹೇಳಬಲ್ಲರು?

ಟಿ.ವಿ. ಆಡಂಬರವೋ ಅಗತ್ಯವೋ ಎಂಬ ಚರ್ಚೆ ನಮ್ಮ ಸಮುದಾಯಕ್ಕೆ ಹೊಸದಲ್ಲ. ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಿಗೆ ಎಂಬತ್ತರ ದಶಕದಲ್ಲಿ ಟಿ.ವಿ. ಮತ್ತು ವಿ.ಸಿ.ಆರ್. ಬಂದದ್ದು ಕೊಲ್ಲಿ ರಾಷ್ಟ್ರಗಳಿಂದ ಮರಳುವವರ ಪೆಟ್ಟಿಗೆಗಳ ಜೊತೆಯಲ್ಲಿ. ಅತ್ತರು, ಟಾರ್ಚು, ಕಂಬಳಿಗಳ ನಡುವೆ ಬಂದ ಆ ಪೆಟ್ಟಿಗೆಗೆ ಮನೆಯಲ್ಲಿ ಎಷ್ಟು ಗೌರವವೋ ಅಷ್ಟೇ ಅಳುಕು. ಉಸ್ತಾದರು ಮನೆಗೆ ಬರುವ ದಿನ ಅದರ ಮೇಲೊಂದು ಬಟ್ಟೆ ಬೀಳುತ್ತಿತ್ತು. ಅದು ಹರಾಮ್ ಎಂದವರಿದ್ದರು, ಅದರಲ್ಲಿ ನೋಡುವುದು ಯಾವುದು ಎಂಬುದನ್ನು ಅನುಸರಿಸಿ ತೀರ್ಮಾನ ಎಂದವರೂ ಇದ್ದರು. ಸೌದಿ ಅರೇಬಿಯಾದಲ್ಲೇ 1965ರಲ್ಲಿ ದೊರೆ ಫೈಸಲ್ ಟಿ.ವಿ. ಪ್ರಸಾರಕ್ಕೆ ಅವಕಾಶ ಕೊಟ್ಟಾಗ ತೀವ್ರ ವಿರೋಧ ಎದುರಾಗಿತ್ತು. ಅದರ ವಿರುದ್ಧ ನಿಂತ ರಾಜಮನೆತನದ ಯುವಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. 1975ರಲ್ಲಿ ದೊರೆ ಫೈಸಲ್‌ರನ್ನು ಗುಂಡಿಕ್ಕಿ ಕೊಂದವನು ಆ ಯುವಕನ ಸಹೋದರ. ಇಂದು ಅದೇ ದೇಶದ ವಾಹಿನಿ ಮಕ್ಕಾದ ಪವಿತ್ರ ಹರಮ್‌ನ ದೃಶ್ಯವನ್ನು ಇಪ್ಪತ್ತನಾಲ್ಕು ಗಂಟೆಯೂ ಜಗತ್ತಿಗೆ ತೋರಿಸುತ್ತಿದೆ. ಹಾಸಿಗೆ ಹಿಡಿದ ಅಜ್ಜಿಯಂದಿರು, ಹಜ್ಜ್ ಯಾತ್ರೆಯ ಆಸೆ ಕೈಗೂಡದ ಬಡ ತಾಯಂದಿರು ಆ ತವಾಫ್‌ನ ದೃಶ್ಯ ನೋಡುತ್ತಾ ಕಣ್ಣೊರೆಸಿಕೊಳ್ಳುವುದನ್ನು ನಾವು ಕಾಣುತ್ತೇವೆ. ಅವರ ಮುಂದೆ ನಿಂತು ಇದು ನಿಮಗೆ ಅನಗತ್ಯ ಎನ್ನಲು ನಾಲಿಗೆ ಏಳದು.

ಸರಕಾರದ ಕಣ್ಣಿನಲ್ಲೂ ಟಿ.ವಿ. ಒಂದೇ ಸ್ಥಾನದಲ್ಲಿ ಉಳಿದಿಲ್ಲ. ದಿಲ್ಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಅದರ ಉದ್ದೇಶ ಶಿಕ್ಷಣ ಮತ್ತು ಸಮುದಾಯದ ಅಭಿವೃದ್ಧಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ನಮ್ಮ ರಾಜ್ಯದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಹಳ್ಳಿಗೊಂದು ಟಿ.ವಿ., ಅದರ ಮುಂದೆ ಇಡೀ ಊರು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಕೃಷಿ, ಆರೋಗ್ಯ, ಕುಟುಂಬದ ವಿಷಯಗಳು. ಅಂದಿನ ಟಿ.ವಿ. ಊರ ಬಾವಿಯಂತೆ ಸಾರ್ವಜನಿಕ ವಸ್ತುವಾಗಿತ್ತು.

1982ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆಂದು ಬಣ್ಣದ ಪ್ರಸಾರ ಬಂತು. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿ ಬಂತು. ಟಿ.ವಿ. ಊರಿನ ಕಟ್ಟೆಯಿಂದ ಮನೆಯ ಚಾವಡಿಗೆ ನಡೆದು ಬಂತು. ಕೊಂಬಿರುವ ಸೈತಾನನ ವೇಷದವನನ್ನು ತೋರಿಸಿ, ನೆರೆಮನೆಯವರ ಹೊಟ್ಟೆಕಿಚ್ಚನ್ನೇ ಬಂಡವಾಳ ಮಾಡಿಕೊಂಡ ಓನಿಡಾ ಜಾಹೀರಾತು ಹಲವರಿಗೆ ನೆನಪಿರಬಹುದು. ಅಸೂಯೆಯಿಂದ ರಕ್ಷಣೆ ಬೇಡಲು ಸೂರಃ ಅಲ್ ಫಲಕ್ ಓದುವ ನಾವು, ಅಸೂಯೆ ಹುಟ್ಟಿಸುವುದಕ್ಕಾಗಿಯೇ ಮಾರುವ ವಸ್ತುವನ್ನು ದುಡ್ಡು ಕೊಟ್ಟು ಮನೆಗೆ ತಂದೆವು!

2011ರ ಜನಗಣತಿಯ ವೇಳೆಗೆ ದೇಶದ 47.2 ಶೇಕಡಾ ಮನೆಗಳಲ್ಲಿ ಟಿ.ವಿ. ಇತ್ತು. ಹತ್ತು ವರ್ಷಗಳ ಹಿಂದೆ ಅದು 31.6 ಶೇಕಡಾ ಆಗಿತ್ತು. ಇದೇ ಗಣತಿಯಲ್ಲಿ ಮನೆಯ ಆವರಣದಲ್ಲಿ ಶೌಚಾಲಯವಿದ್ದ ಮನೆಗಳೆಷ್ಟು? 46.9 ಶೇಕಡಾ. ಪುರುಷರು ಇದನ್ನು ಒಂದು ವಿಚಿತ್ರ ಅಂಕಿ ಅಂಶವೆಂದು ಓದಿ ಮುಂದೆ ಸಾಗಿಯಾರು. ಕತ್ತಲಾಗುವುದನ್ನೇ ಕಾಯುತ್ತಾ ಹಗಲಿಡೀ ನೀರು ಕುಡಿಯದೆ ಉಳಿಯುವ ಹೆಣ್ಣುಮಗಳಿಗೆ ಅದು ಬರೇ ಅಂಕಿ ಅಲ್ಲ. ಮನೆಗೆ ಮೊದಲು ಏನು ಬರಬೇಕು ಎಂದು ಆಕೆಯನ್ನು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತೇನೋ. ಆ ಬಳಿಕ ಶೌಚಾಲಯಗಳು ಬಹಳಷ್ಟು ನಿರ್ಮಾಣವಾಗಿವೆ, ನಿಜ. ಆದರೆ ಮನೆಯ ಅಗತ್ಯಗಳ ಪಟ್ಟಿ ಬರೆಯುವ ಕೈ ಯಾರದು ಎಂಬ ಪ್ರಶ್ನೆ ಈಗಲೂ ಹಾಗೇ ಇದೆ.

ಸರಕಾರದ ಇನ್ನೊಂದು ಪಟ್ಟಿಯನ್ನೂ ನೋಡಿ. ಅದೇ ವರ್ಷ ಆರಂಭವಾದ ಸಾಮಾಜಿಕ ಆರ್ಥಿಕ ಗಣತಿಯಲ್ಲಿ, ಮನೆಯಲ್ಲಿ ಫ್ರಿಜ್ ಅಥವಾ ಸ್ಥಿರ ದೂರವಾಣಿ ಇದ್ದರೆ ಆ ಗ್ರಾಮೀಣ ಕುಟುಂಬವನ್ನು ಬಡವರ ಲೆಕ್ಕದಿಂದ ಹೊರಗಿಡಲಾಯಿತು. ಟಿ.ವಿ. ಇದ್ದರೆ ಹೊರಗಿಡುವ ನಿಯಮ ಇರಲಿಲ್ಲ. ಉಳಿದ ಅನ್ನ ಸಾರು ಕೆಡದಂತೆ ಕಾಯುವ ಪೆಟ್ಟಿಗೆ ಸಿರಿವಂತಿಕೆಯ ಗುರುತು, ಧಾರಾವಾಹಿ ತೋರಿಸುವ ಪೆಟ್ಟಿಗೆ ಅಲ್ಲ. ಅಡುಗೆ ಮನೆಯ ಒಳಗಿನಿಂದ ನೋಡುವವರಿಗೆ ಇದು ಅರ್ಥವಾಗುವುದು ಕಷ್ಟ.

ಹಾಗಾದರೆ ಯಾವುದು ಅಗತ್ಯ, ಯಾವುದು ಆಡಂಬರ? ನಮ್ಮ ಹಿರಿಯ ವಿದ್ವಾಂಸರು ಈ ಪ್ರಶ್ನೆಯನ್ನು ಟಿ.ವಿ. ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಬಿಡಿಸಿ ನೋಡಿದ್ದಾರೆ. ಇಮಾಮ್ ಗಝಾಲಿ ಹಾಕಿಕೊಟ್ಟ ತಳಹದಿಯ ಮೇಲೆ, ಸ್ಪೇನ್‌ನ ಗ್ರನಾಡಾದಲ್ಲಿ ಬಾಳಿ ಕ್ರಿ.ಶ. 1388ರಲ್ಲಿ ನಿಧನರಾದ ಇಮಾಮ್ ಶಾತಿಬೀ ವಿವರವಾಗಿ ಬರೆದರು. ಅವರ ಪ್ರಕಾರ ಮನುಷ್ಯನ ಹಿತಗಳಿಗೆ ಮೂರು ಮೆಟ್ಟಿಲುಗಳು. ಮೊದಲನೆಯದು ಝರೂರಿಯ್ಯಾತ್. ಧರ್ಮ, ಜೀವ, ಬುದ್ಧಿ, ಸಂತಾನ, ಸಂಪತ್ತು ಇವುಗಳ ರಕ್ಷಣೆಗೆ ಅನಿವಾರ್ಯವಾದದ್ದು, ಇಲ್ಲದಿದ್ದರೆ ಬದುಕೇ ಕುಸಿಯುವಂಥದ್ದು. ಎರಡನೆಯದು ಹಾಜಿಯ್ಯಾತ್. ಇಲ್ಲದಿದ್ದರೆ ಬದುಕು ಕುಸಿಯದು, ಆದರೆ ಕಷ್ಟವಾಗುತ್ತದೆ, ಇಕ್ಕಟ್ಟಾಗುತ್ತದೆ. ಮೂರನೆಯದು ತಹ್ಸೀನಿಯ್ಯಾತ್, ಅಂದರೆ ಬದುಕಿಗೆ ಚೆಲುವು ಕೊಡುವಂಥದ್ದು. ಗಮನಿಸಬೇಕಾದ ಸಂಗತಿ ಏನೆಂದರೆ, ಮೂರನೆಯ ಮೆಟ್ಟಿಲು ಕೂಡ ನಿಷಿದ್ಧವಲ್ಲ. ನಿಷಿದ್ಧವಾದದ್ದು ಇಸ್ರಾಫ್, ಅಂದರೆ ದುಂದುವೆಚ್ಚ. ಅದು ಈ ಮೂರರ ಆಚೆಗಿದೆ. ಉಣ್ಣುವ ಅನ್ನದಲ್ಲೂ ಇಸ್ರಾಫ್ ಆಗಬಹುದು ಎಂದು ಸೂರಃ ಅಲ್ ಅಅ್‌ರಾಫ್ ಎಚ್ಚರಿಸುತ್ತದೆ. ಹಾಗಿರುವಾಗ ಟಿ.ವಿ. ಯಾವ ಲೆಕ್ಕ?

ನನ್ನ ಅಭಿಪ್ರಾಯದಲ್ಲಿ ಟಿ.ವಿ.ಯ ಸ್ಥಾನ ಆ ಎರಡನೆಯ ಮೆಟ್ಟಿಲು, ಅದೂ ಶಾಶ್ವತವಾಗಿ ಅಲ್ಲ. ಬೇರಾವುದರಿಂದಲೂ ಆಗದ ಕೆಲಸವೊಂದನ್ನು ಅದು ಮಾಡುತ್ತಿರುವಷ್ಟು ಕಾಲ ಮಾತ್ರ. ಗದಗದ ಆ ಮನೆಯಲ್ಲಿ 2020ರಲ್ಲಿ ಅದು ಶಾಲೆಯ ಕೆಲಸ ಮಾಡುತ್ತಿತ್ತು. ಶಾಲೆ ತೆರೆದ ಮೇಲೆ ಅದೇ ಟಿ.ವಿ. ಒಂದು ಮೆಟ್ಟಿಲು ಕೆಳಗಿಳಿದಿರಬೇಕು.

ಮಹಿಳೆಯರ ವಿಷಯದಲ್ಲಿ ಈ ಕೆಲಸ ಯಾವುದು? 2006ರಲ್ಲಿ ನೆರೆಯ ತಮಿಳುನಾಡಿನಲ್ಲಿ ಡಿ.ಎಂ.ಕೆ. ಪಕ್ಷ ಟಿ.ವಿ. ಇಲ್ಲದ ಮನೆಗಳಿಗೆಲ್ಲ ಬಣ್ಣದ ಟಿ.ವಿ. ಉಚಿತವಾಗಿ ಕೊಡುವ ಭರವಸೆಯೊಂದಿಗೆ ಅಧಿಕಾರಕ್ಕೆ ಬಂತು. ಕೊಟ್ಟ ಕಾರಣ: ಮನೆಯಲ್ಲಿರುವ ಹೆಂಗಸರಿಗೆ, ವಿಶೇಷವಾಗಿ ಹಳ್ಳಿಯ ಹೆಂಗಸರಿಗೆ, ಮನರಂಜನೆ ಮತ್ತು ಸಾಮಾನ್ಯ ಜ್ಞಾನ. ಇದು ಮತದಾರರಿಗೆ ಕೊಟ್ಟ ಲಂಚ ಎಂದು ಹೋದ ದಾವೆಯಲ್ಲಿ ಸುಪ್ರೀಮ್ ಕೋರ್ಟ್ 2013ರ ಜುಲೈಯಲ್ಲಿ ತೀರ್ಪು ನೀಡಿತು. ಪ್ರಣಾಳಿಕೆಯ ಇಂಥ ಭರವಸೆ ಕಾನೂನಿನ ಪ್ರಕಾರ ಭ್ರಷ್ಟ ಆಚರಣೆಯಾಗದು ಎಂದಿತು. ರಾಜಕೀಯ ಲೆಕ್ಕಾಚಾರ ಏನೇ ಇರಲಿ, ಮನೆಯೊಳಗಿನ ಹೆಂಗಸಿಗೂ ಹೊರಜಗತ್ತನ್ನು ಕಾಣುವ ಅಗತ್ಯವಿದೆ ಎಂದು ಸರಕಾರವೊಂದು ಬರೆದು ಕೊಟ್ಟಿತಲ್ಲ!

ಇದಕ್ಕೆ ಪುಷ್ಟಿ ಕೊಡುವ ಅಧ್ಯಯನವೂ ಒಂದಿದೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು 2001ರಿಂದ 2003ರ ಅವಧಿಯಲ್ಲಿ ಭಾರತದ ಹಳ್ಳಿಗಳಿಗೆ ಕೇಬಲ್ ಟಿ.ವಿ. ಬಂದ ಮೇಲೆ ಏನಾಯಿತು ಎಂದು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಕೇಬಲ್ ಬಂದ ಹಳ್ಳಿಗಳಲ್ಲಿ ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರ ಸಂಖ್ಯೆ ಇಳಿದಿತ್ತು. ಗಂಡುಮಗುವೇ ಬೇಕೆಂಬ ಹಂಬಲ ಕಡಿಮೆಯಾಗಿತ್ತು. ಮನೆಯ ತೀರ್ಮಾನಗಳಲ್ಲಿ, ಹೊರಗೆ ಓಡಾಡುವುದರಲ್ಲಿ ಅವರ ಸ್ವಾತಂತ್ರ್ಯ ಹೆಚ್ಚಿತ್ತು. ಆಗ ವಾಹಿನಿಗಳಲ್ಲಿ ಭರದಿಂದ ಓಡುತ್ತಿದ್ದುದು ನಾವೆಲ್ಲ ಬೈಯುವ ಅತ್ತೆ ಸೊಸೆ ಧಾರಾವಾಹಿಗಳೇ! ಜರಿ ಸೀರೆಯುಟ್ಟು ಮಲಗಿ ಜರಿ ಸೀರೆಯಲ್ಲೇ ಏಳುವ ಆ ಸೊಸೆಯಂದಿರಿಂದ ಕೂಡ ಹಳ್ಳಿಯ ಹೆಣ್ಣುಮಕ್ಕಳು ಏನನ್ನೋ ಹೆಕ್ಕಿಕೊಂಡಿದ್ದಾರೆ. ಹೆಣ್ಣೊಬ್ಬಳು ಮಾತಾಡುತ್ತಾಳೆ, ಮನೆಯವರು ಕೇಳುತ್ತಾರೆ ಎಂಬಷ್ಟಾದರೂ. ಟಿ.ವಿ.ಯನ್ನು ಸಾರಾಸಗಟಾಗಿ ಖಂಡಿಸುವ ಭಾಷಣಕಾರರು ಈ ಸಂಗತಿಯನ್ನೂ ಗಮನಕ್ಕೆ ತಂದುಕೊಳ್ಳುವುದು ಒಳ್ಳೆಯದು. ಹೆಂಗಸರಿಗೆ ಕೇಳಲು, ಓದಲು, ಕಲಿಯಲು ಬೇರೆ ಬಾಗಿಲುಗಳನ್ನು ತೆರೆದಿಟ್ಟ ಮನೆಯವರಿಗೆ ಮಾತ್ರ ಟಿ.ವಿ. ಆರಿಸು ಎನ್ನುವ ನೈತಿಕ ಹಕ್ಕಿದೆ. ಮಸೀದಿಯ ಪ್ರವಚನ ಆಕೆಗಿಲ್ಲ, ಗ್ರಂಥಾಲಯ ಆಕೆಗಿಲ್ಲ, ಸಂಜೆಯ ತಿರುಗಾಟ ಆಕೆಗಿಲ್ಲ, ಇದ್ದ ಒಂದು ಪೆಟ್ಟಿಗೆಯೂ ಬೇಡವೆಂದರೆ ಹೇಗೆ?

ಆದರೆ ಇದಕ್ಕೆ ತೆರುವ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಇರುವುದಿಲ್ಲ. ಒಂದು ಧಾರಾವಾಹಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 130 ಗಂಟೆ. ಮೂರು ಧಾರಾವಾಹಿಗಳಾದರೆ 390 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಹದಿನಾರು ದಿನಗಳಿಗೂ ಹೆಚ್ಚು. ಕೇಬಲ್ ಟಿ.ವಿ. ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು. ಆ ಮಿತಿಯೊಳಗೇ ಉಳಿದರೂ ಈ 390 ಗಂಟೆಗಳಲ್ಲಿ 78 ಗಂಟೆ ನಾವು ನೋಡುವುದು ಸೋಪು, ಕ್ರೀಮು, ಚಿನ್ನದಂಗಡಿಗಳನ್ನು. ಆರೋಗ್ಯ ಮತ್ತು ಬಿಡುವು ಇವೆರಡರ ವಿಷಯದಲ್ಲಿ ಹೆಚ್ಚಿನವರು ನಷ್ಟ ಹೊಂದುತ್ತಾರೆ ಎಂಬ ಅರ್ಥದ ಪ್ರವಾದಿ(ಸ)ರ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೆಂಗಸಿಗೆ ಸಿಗುವ ಬಿಡುವೇ ಅಂಗೈಯಗಲ. ಅದನ್ನು ಯಾರಿಗೆ ಕೊಡುತ್ತೇವೆ ಎಂಬ ಲೆಕ್ಕವನ್ನು ಬೇರಾರೂ ನಮ್ಮ ಪರವಾಗಿ ಇಡುವುದಿಲ್ಲ.

ಇನ್ನು ಆ ಸಮಯ ಯಾವುದು ಎಂಬುದೂ ಮುಖ್ಯ. ವಾಹಿನಿಗಳಿಗೆ ಅತ್ಯಂತ ಲಾಭದ ಹೊತ್ತು ಸಂಜೆ ಆರರಿಂದ ರಾತ್ರಿ ಹತ್ತರ ತನಕ. ಮಗ್ರಿಬ್‌ನ ಬಾಂಗ್‌ನಿಂದ ಇಶಾ ನಮಾಝ್ ಮುಗಿಯುವ ತನಕದ ನಮ್ಮ ಹೊತ್ತೂ ಅದೇ. ಹಿಂದೆ ಮಗ್ರಿಬ್ ಆದೊಡನೆ ಮನೆಗಳಿಂದ ಕುರ್‌ಆನ್ ಪಾರಾಯಣದ ಧ್ವನಿ ಕೇಳಿ ಬರುತ್ತಿತ್ತು. ಮಕ್ಕಳು ಮದ್ರಸದ ಪಾಠವನ್ನು ತಾಯಿಗೆ ಒಪ್ಪಿಸುತ್ತಿದ್ದುದೂ ಆಗಲೇ. ಈಗ ಬಾಂಗ್ ಕೇಳುವಾಗ ಟಿ.ವಿ.ಯ ಸದ್ದು ಕಡಿಮೆಯಾಗುತ್ತದೆ, ಮುಗಿದೊಡನೆ ಮತ್ತೆ ಏರುತ್ತದೆ. ನಮಾಝ್ ಕೂಡ ಜಾಹೀರಾತಿನ ವಿರಾಮಕ್ಕೆ ಕಾಯುವ ಸ್ಥಿತಿ ಕೆಲವು ಮನೆಗಳಲ್ಲಿದೆ. ಹೀಗೆಂದು ಹೇಳಿದರೆ ಬೇಸರಿಸಿಕೊಳ್ಳುವವರಿದ್ದಾರೆ, ಆದರೂ ಹೇಳದೆ ವಿಧಿಯಿಲ್ಲ. ತಮಾಷೆಯೆಂದರೆ ಈ ವಿಷಯದಲ್ಲಿ ದೂರು ಯಾವಾಗಲೂ ಹೆಂಗಸರ ಮೇಲೆ. ಕ್ರಿಕೆಟ್ ಪಂದ್ಯದ ಕೊನೆಯ ಓವರ್‌ಗಳಲ್ಲಿ ಜಮಾಅತ್ ತಪ್ಪಿಸಿಕೊಳ್ಳುವ ಗಂಡಸರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ.

ಮಕ್ಕಳ ವಿಷಯ ಇನ್ನೂ ನೇರ. ಊಟ ಮಾಡಿಸಲು ಟಿ.ವಿ. ಹಾಕುವ ಅಭ್ಯಾಸ ಇಂದು ಎಲ್ಲೆಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಮಗುವಿನ ಬಾಯಿಗೆ ತುತ್ತು ಹೋಗಲು ಕಾರ್ಟೂನ್ ಬೇಕೇ ಬೇಕು ಎಂಬಲ್ಲಿಗೆ ಬಂದರೆ ಅದು ನಾವೇ ಮಾಡಿಕೊಂಡ ಅಗತ್ಯ.

ಸುದ್ದಿಗಾಗಿ ಟಿ.ವಿ. ಬೇಕು ಎಂಬ ವಾದವನ್ನೂ ಸ್ವಲ್ಪ ನಿಂತು ನೋಡಬೇಕು. ಗದಗದ ತಾಯಿ ಟಿ.ವಿ. ತಂದ ಅದೇ 2020ರ ಮಾರ್ಚ್, ಎಪ್ರಿಲ್ ತಿಂಗಳುಗಳಲ್ಲಿ ದಿಲ್ಲಿಯ ತಬ್ಲೀಗ್ ಸಭೆಯ ನೆಪದಲ್ಲಿ ಅನೇಕ ಸುದ್ದಿ ವಾಹಿನಿಗಳು ಏನೇನು ಬಿತ್ತರಿಸಿದವು ಎಂಬುದನ್ನು ಯಾವ ಮುಸ್ಲಿಮ್ ಮನೆಯೂ ಮರೆತಿಲ್ಲ. ಆ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತು, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತು ಎಂಬ ಅಭಿಪ್ರಾಯವನ್ನೂ ನೀಡಿತು. ಆದರೆ ಆ ತೀರ್ಪು ಬರುವ ಮೊದಲೇ ನಮ್ಮ ಮಕ್ಕಳು ನಮ್ಮದೇ ಹಾಲ್‌ನಲ್ಲಿ ಕುಳಿತು, ನಾವು ಬಾಡಿಗೆ ಕೊಟ್ಟು ತರಿಸಿಕೊಂಡ ವಾಹಿನಿಗಳಲ್ಲಿ ತಮ್ಮ ಸಮುದಾಯ ರೋಗ ಹರಡುವವರೆಂದು ಕೇಳಿ ಆಗಿತ್ತು. ಅಪ್ಪಾ, ನಾವು ಏನು ಮಾಡಿದೆವು ಎಂದು ಕೇಳುವ ಹತ್ತು ವರ್ಷದ ಮಗುವಿಗೆ ಏನು ಉತ್ತರ? ಹಾಗೆಂದು ಕಿಟಕಿ ಮುಚ್ಚಿ ಕೂರಲೂ ಆಗದು. ನಮ್ಮ ಬಗ್ಗೆ ಏನು ಹೇಳಲಾಗುತ್ತಿದೆ ಎಂದು ತಿಳಿಯುವುದು ಕೂಡ ಅಗತ್ಯವೇ. ಸುದ್ದಿ ಬೇಕು, ಗಂಟೆಗಟ್ಟಲೆಯ ಕಿರುಚಾಟ ಬೇಡ. ದಿನಪತ್ರಿಕೆ ಓದುವ ಮನೆಗಳಲ್ಲಿ ಈ ಅಂತರ ಬೇಗ ಗೊತ್ತಾಗುತ್ತದೆ.

ಆಡಂಬರದ ನಿಜವಾದ ಮುಖ ನೋಡಬೇಕಾದರೆ ಮದುವೆ ಮನೆಗೆ ಹೋಗಬೇಕು. ಹುಡುಗಿಯ ಜೊತೆ ಕಳುಹಿಸುವ ಸಾಮಾನುಗಳ ಪಟ್ಟಿಯಲ್ಲಿ ಕಪಾಟು, ಮಂಚ, ವಾಷಿಂಗ್ ಮೆಷಿನ್ ಜೊತೆಗೆ ದೊಡ್ಡ ಪರದೆಯ ಟಿ.ವಿ.ಯೂ ಇರುತ್ತದೆ. ಕೇಳಿದ್ದಲ್ಲ, ಅವರೇ ಖುಷಿಯಿಂದ ಕೊಟ್ಟದ್ದು ಎಂಬ ಮಾತೂ ಜೊತೆಗೇ ಬರುತ್ತದೆ. ವರನ ಮನೆಯ ಗೋಡೆಯ ಮೇಲೆ ಆಗಲೇ ಒಂದು ಟಿ.ವಿ. ಇರುತ್ತದೆ. ಎರಡನೆಯದು ಯಾವ ಅಗತ್ಯ ನೀಗಿಸಲು? ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ನಮಗಂತೂ ವಧುವಿಗೆ ಮಹ್ರ್ ಕೊಡಬೇಕೆಂಬ ಆದೇಶ ಅದಕ್ಕಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಂದಿದೆ. ಆದರೂ ಬೀಡಿ ಕಟ್ಟಿ ಮಗಳನ್ನು ಸಾಕಿದ ತಾಯಿ ಆ ಪರದೆಗಾಗಿ ಕಂತು ಕಟ್ಟುತ್ತಾಳೆ. ಗದಗದ ತಾಯಿಯೂ ಟಿ.ವಿ.ಗಾಗಿಯೇ ಸಾಲ ಮಾಡಿಕೊಂಡದ್ದು, ಈ ತಾಯಿಯೂ ಟಿ.ವಿ.ಗಾಗಿಯೇ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಬೆಲೆ ಇರಬಹುದು.

ಈಗ ಮೊಬೈಲ್ ಬಂದಿದೆ, ಟಿ.ವಿ.ಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ಸುದ್ದಿ, ಪಾಠ, ಪ್ರವಚನ, ಅಡುಗೆ ಎಲ್ಲವೂ ಕೈಯಲ್ಲೇ ಸಿಗುವಾಗ ಗೋಡೆಯ ಮೇಲಿನ ಪರದೆ ಏಕೆ ಎಂಬುದು ಸರಿಯಾದ ಪ್ರಶ್ನೆ. ಆದರೆ ಒಂದು ವ್ಯತ್ಯಾಸವಿದೆ. ಹಾಲ್‌ನಲ್ಲಿರುವ ಟಿ.ವಿ.ಯಲ್ಲಿ ಏನು ಓಡುತ್ತಿದೆ ಎಂದು ಅಡುಗೆ ಮನೆಯಲ್ಲಿರುವ ತಾಯಿಗೂ ಕೇಳುತ್ತದೆ, ಜಗಲಿಯಲ್ಲಿರುವ ಅಜ್ಜನಿಗೂ ಕೇಳುತ್ತದೆ. ನಾಚಿಕೆಯ ದೃಶ್ಯ ಬಂದರೆ ಯಾರಾದರೊಬ್ಬರು ಚಾನೆಲ್ ಬದಲಿಸುತ್ತಾರೆ. ಮಗನ ಕೋಣೆಯ ಮೊಬೈಲಿಗೆ ಆ ಕಾವಲಿಲ್ಲ. ಒಂದು ಕಾಲದಲ್ಲಿ ಬಟ್ಟೆ ಹೊದೆಸಿ ಮುಚ್ಚಿಟ್ಟ ಪೆಟ್ಟಿಗೆಯೇ ಇಂದು ಮನೆಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸುವ ಉಳಿದ ಒಂದೇ ನೆಪವಾಗುತ್ತಿದೆಯೋ ಎಂದೂ ಅನಿಸುತ್ತದೆ.

ಟಿ.ವಿ. ಇಟ್ಟುಕೊಳ್ಳುವ ಮನೆಗಳಲ್ಲಿ ಕಡೇಪಕ್ಷ ಒಂದು ಕೆಲಸವನ್ನು ಗೃಹಿಣಿಯರು ಕೈಗೆ ತೆಗೆದುಕೊಳ್ಳಬಹುದು. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಹಣ ಕೊಡಬೇಕಾದ ಪ್ರತಿಯೊಂದು ಚಾನೆಲ್‌ನ ಬೆಲೆಯನ್ನು ಬೇರೆ ಬೇರೆಯಾಗಿ ಪ್ರಕಟಿಸಬೇಕು. ನಮಗೆ ಬೇಕಾದುದನ್ನಷ್ಟೇ ಆರಿಸಿ, ಉಳಿದುದನ್ನು ಬಿಡಬಹುದು. ಕೇಬಲ್‌ನವರು ಕಟ್ಟಿಕೊಟ್ಟ ಗಂಟನ್ನೇ ಹೊರಬೇಕೆಂದಿಲ್ಲ. ಆ ಖರ್ಚೂ ಭಾರವೆನಿಸುವವರಿಗೆ ಸರಕಾರದ ಡಿ.ಡಿ. ಫ್ರೀ ಡಿಶ್ ಇದೆ. ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್‌ಗೆ ಒಂದು ಸಲ ಹಣ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಪಾಠ ತೋರಿಸಿದ ಆ ಚಂದನ ವಾಹಿನಿಯೂ ಅದರಲ್ಲಿ ಬರುತ್ತದೆ. ಮುಂದಿನ ಸಲ ರೀಚಾರ್ಜ್ ಮಾಡುವ ಮೊದಲು ಚಾನೆಲ್‌ಗಳ ಪಟ್ಟಿಯನ್ನೊಮ್ಮೆ ಕೇಳಿ ತರಿಸಿಕೊಳ್ಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಕಳೆದ ತಿಂಗಳಲ್ಲಿ ಒಮ್ಮೆಯೂ ನೋಡದ ಮತ್ತು ನೋಡಿ ಮನಸ್ಸು ಕೆಡಿಸಿಕೊಂಡ ಚಾನೆಲ್‌ಗಳ ಮುಂದೆ ಪೆನ್ನಿನಿಂದ ಗೆರೆ ಎಳೆಯುತ್ತಾ ಹೋಗಿ. ಪುಟದಲ್ಲಿ ಎಷ್ಟು ಉಳಿಯುತ್ತದೆ ನೋಡೋಣ.